ಒಳ್ಳೆ ಬೆಂಕಿಗೆ ಹೊಗೆ ಇರಲ್ಲ

ಚಳಿಗಾಲದ ಮನೆ ಬಿಡಿಸು ಅಂತ ಮಕ್ಕಳಿಗೆ ಹೇಳಿದ್ರೆ ಮೊದಲು ಹಿಮ ಹೊದ್ದ ಮಾಡು ಬರುತ್ತೆ, ಆಮೇಲೆ ಚಿಮಣಿ, ಆಮೇಲೆ ಚಿಮಣಿಯಿಂದ ಸುರುಳಿ ಸುರುಳಿಯಾಗಿ ಮೇಲೇಳೋ ಹೊಗೆ. ಗ್ರೀಟಿಂಗ್ ಕಾರ್ಡುಗಳಲ್ಲೂ ಅದೇ ಕಥೆ. ಹೊಗೆ ಕಂಡ್ರೆ ಒಳಗೆ ಯಾರೋ ಬೆಚ್ಚಗಿದಾರೆ ಅಂತ ಮನಸ್ಸು ತಾನಾಗೇ ಅಂದ್ಕೊಳ್ಳುತ್ತೆ. ಸೌದೆ ಉರಿಸಿ ಮನೆ ಬೆಚ್ಚಗಿಡೋ ಕೆಲಸಕ್ಕೆ ಬಿದ್ದ ಮೇಲೆ ನನಗೆ ಈ ಚಿತ್ರ ನೋಡಿದ್ರೇ ಒಂಥರಾ ಕಿರಿಕಿರಿ. ಯಾಕಂದ್ರೆ ಆ ಸುರುಳಿ ಅಂದ್ರೆ ಉರಿಯದೆ ಹೋದ ಸೌದೆ. ದುಡ್ಡು ಕೊಟ್ಟು ತಂದಿದ್ದು, ಬೆನ್ನು ನೋಯಿಸ್ಕೊಂಡು ಸೀಳಿದ್ದು, ಇಡೀ ಬೇಸಿಗೆ ಒಣಗಿಸಿದ್ದು, ಅರ್ಧಂಬರ್ಧ ಬೆಂದು ಮೇಲಕ್ಕೆ ಹಾರಿ ಹೋಗ್ತಿದೆ, ಅದನ್ನ ನೋಡಿ ಆಹಾ ಎಷ್ಟು ಚಂದ ಅಂತೀವಿ.

ಬೆಂಕಿ ಇಲ್ಲದೆ ಹೊಗೆಯಾಡಲ್ಲ ಅನ್ನೋ ಮಾತು ಸುಳ್ಳೇನಲ್ಲ ಬಿಡಿ. ಆದ್ರೆ ಒಲೆ ಮುಂದೆ ಕೂತವನ ಅನುಭವದಲ್ಲಿ, ಬೆಂಕಿ ಸರಿಯಾಗಿ ಹತ್ತಿದ ಮೇಲೆ ಚಿಮಣಿ ತುದಿಯಲ್ಲಿ ಕಾಣೋದು ಬರೀ ಗಾಳಿ ನಡುಗೋ ಹಾಗಿನ ಒಂದು ಅಲುಗಾಟ, ಅಷ್ಟೇ. ತುಂಬಾ ಚಳಿ ಇದ್ದಾಗ ಬೆಳ್ಳಗೆ ಏನೋ ಕಾಣುತ್ತೆ, ಅದು ಬೇರೆ. ಸೌದೆಯಲ್ಲಿ ಹೈಡ್ರೋಜನ್ ಇರೋದ್ರಿಂದ ಪೂರ್ತಿ ಒಣಗಿದ ಒಂದು ಕೆಜಿ ಸೌದೆ ಉರಿದ್ರೂ ಸುಮಾರು ಅರ್ಧ ಕೆಜಿ ನೀರು ಹುಟ್ಟುತ್ತೆ, ಅದು ಆವಿಯಾಗಿ ಹೋಗಿ ಹೊರಗಿನ ಚಳಿಗೆ ಮಂಜು ಥರ ಕಾಣುತ್ತೆ. ಎರಡಕ್ಕೂ ವ್ಯತ್ಯಾಸ ಕಂಡುಹಿಡಿಯೋದು ಸುಲಭ. ಆವಿ ಆದ್ರೆ ಚಿಮಣಿಯಿಂದ ಸ್ವಲ್ಪ ದೂರ ಹೋಗೋಷ್ಟರಲ್ಲಿ ಕರಗಿ ಮಾಯ. ಹೊಗೆ ಆದ್ರೆ ನೀಲಿ ಅಥವಾ ಬೂದು ಬಣ್ಣದಲ್ಲಿ ಎಳೆ ಎಳೆಯಾಗಿ ನಿಂತ್ಕೊಳ್ಳುತ್ತೆ, ಪಕ್ಕದ ಮನೆ ಮಾಡಿನ ಮೇಲೆ ಇಳಿಯುತ್ತೆ, ಒಣಹಾಕಿದ ಬಟ್ಟೆಗೆ ವಾಸನೆ ಮೆತ್ತುತ್ತೆ. ಈಗ ನನಗೆ ಬೆಳಗ್ಗೆ ವಾಕಿಂಗ್ ಹೋದ್ರೆ ಬೀದಿಯ ಚಿಮಣಿ ಓದೋದೇ ಒಂದು ಚಟ ಆಗ್ಬಿಟ್ಟಿದೆ, ಇವರ ಮನೆ ಸೌದೆ ಹಸಿ, ಇವರು ಒಲೆಗೆ ಗಾಳಿ ಬರೋ ದಾರಿ ಮುಚ್ಚಿ ಮಲಗಿದಾರೆ, ಇವರದ್ದು ಪರವಾಗಿಲ್ಲ ಅಂತ ಮನಸ್ಸಲ್ಲೇ ಮಾರ್ಕ್ಸ್ ಹಾಕ್ತಾ ಹೋಗ್ತೀನಿ. ಕೆಟ್ಟ ಚಟ, ಗೊತ್ತು.

ಉರಿ ಎಲ್ಲಿದೆ ನೋಡಿ

ಗಾಜಿನ ಬಾಗಿಲಿರೋ ಸ್ಟೋವ್ ಇದ್ರೆ ಒಂದು ಕೆಲಸ ಮಾಡಿ. ಕೆಂಡದ ಮೇಲೆ ಹೊಸದಾಗಿ ಒಂದು ತುಂಡು ಇಟ್ಟು, ಬಾಗಿಲು ಹಾಕಿ, ಮೊಬೈಲ್ ಪಕ್ಕಕ್ಕಿಟ್ಟು ಸುಮ್ನೆ ನೋಡ್ತಾ ಕೂತ್ಕೊಳ್ಳಿ. ಮೊದಲು ಏನೂ ಆಗಲ್ಲ. ಹಸಿ ಇದ್ರೆ ಕೊಯ್ದ ತುದಿಯಲ್ಲಿ ಸೊಂಯ್ ಅಂತ ನೊರೆ ಬರುತ್ತೆ. ಒಣಗಿದ್ದಾದ್ರೆ ಆ ಸದ್ದಿರಲ್ಲ, ತೊಗಟೆಯ ಅಂಚು ಕಪ್ಪಾಗ್ತಾ ಬರುತ್ತೆ, ಸೀಳಿನ ಸಂದಿಯಿಂದ ಹಳದಿ ಹೊಗೆ ದಾರದ ಹಾಗೆ ಹೊರಡುತ್ತೆ. ಆಮೇಲೆ ಆ ದಾರಕ್ಕೆ ಉರಿ ಹತ್ತುತ್ತೆ. ಈಗ ಹತ್ತಿರದಿಂದ ನೋಡಿದ್ರೆ ಉರಿ ಸೌದೆಗೆ ತಾಗಿಕೊಂಡಿಲ್ಲ. ನಡುವೆ ಒಂದು ಸಣ್ಣ ಖಾಲಿ ಜಾಗ, ಅದರಾಚೆ ಜ್ವಾಲೆ. ಅಂದ್ರೆ ಉರೀತಿರೋದು ಸೌದೆಯಿಂದ ಹೊರಟ ಅನಿಲ. ಒಣ ಸೌದೆಯ ತೂಕದಲ್ಲಿ ಸುಮಾರು 80% ಹೀಗೆ ಅನಿಲವಾಗಿ ಹೊರಗೆ ಬರೋದೇ, ಮಿಕ್ಕಿದ್ದು ಇದ್ದಿಲು, ಚೂರು ಬೂದಿ. ಶಾಖದಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಆ ಅನಿಲದ್ದೇ.

ತೊಂದ್ರೆ ಏನಂದ್ರೆ, ಅನಿಲ ಸೌದೆಯಿಂದ ಬಿಡುಗಡೆ ಆಗೋಕೆ 200–300 ಡಿಗ್ರಿ ಸಾಕು, ಅದು ಚೆನ್ನಾಗಿ ಉರಿಯೋಕೆ ಹತ್ತಿರ ಹತ್ತಿರ 600 ಡಿಗ್ರಿ ಬೇಕು, ಜೊತೆಗೆ ಗಾಳಿನೂ ಬೇಕು. ಈ ಎರಡರ ನಡುವಿನ ಅಂತರದಲ್ಲೇ ಎಲ್ಲಾ ರಾದ್ಧಾಂತ ಆಗೋದು. ಒಲೆ ಒಳಗೆ 350–400 ಡಿಗ್ರಿಯಲ್ಲಿ ಸೌದೆ ಧಾರಾಳವಾಗಿ ಅನಿಲ ಬಿಡ್ತಾ ಇರುತ್ತೆ, ಅದಕ್ಕೆ ಉರಿಯೋ ಭಾಗ್ಯ ಇಲ್ಲ, ಹಾಗೇ ಮೇಲೆ ಹೋಗುತ್ತೆ. ಹೊಸ ಸ್ಟೋವ್‌ಗಳಲ್ಲಿ ಮೇಲ್ಗಡೆ ಸಣ್ಣ ಸಣ್ಣ ತೂತುಗಳಿಂದ ಬಿಸಿ ಗಾಳಿ ಬಿಡೋ ವ್ಯವಸ್ಥೆ ಇರುತ್ತಲ್ಲ, ಅದು ಈ ತಪ್ಪಿಸಿಕೊಂಡು ಹೋಗೋ ಅನಿಲವನ್ನ ಚಿಮಣಿಗೆ ಹೋಗೋ ಮುಂಚೆ ಹಿಡಿದು ಉರಿಸೋಕೆ. ಕೆಳಗೆ ಸೌದೆ ಸುಮ್ನಿದೆ, ಮೇಲೆ ಗಾಳಿಯಲ್ಲಿ ಉರಿ ತೇಲ್ತಾ ಇದೆ ಅನ್ನೋ ಹಾಗೆ ಕಾಣುತ್ತೆ. ಆದ್ರೆ ಒಲೆಯೇ ತಣ್ಣಗಿದ್ರೆ ಆ ತೂತು ಇದ್ದೂ ಪ್ರಯೋಜನ ಇಲ್ಲ.

ನೀರಿನ ಲೆಕ್ಕ

ಹಸಿ ಸೌದೆ ಉರಿಸಬಾರದು ಅಂತ ಎಲ್ಲರಿಗೂ ಗೊತ್ತು. ಯಾಕೆ ಅಂತ ಕೇಳಿದ್ರೆ ಸಾಮಾನ್ಯವಾಗಿ ಬರೋ ಉತ್ತರ, ನೀರು ಕಾಯಿಸೋದ್ರಲ್ಲೇ ಶಾಖ ಖರ್ಚಾಗಿ ಹೋಗುತ್ತೆ ಅಂತ. ನಾನೂ ಹಾಗೇ ನಂಬಿದ್ದೆ, ಲೆಕ್ಕ ಹಾಕಿದಾಗ ಮಾತ್ರ ಆಶ್ಚರ್ಯ ಆಯ್ತು. ಆಗ ತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರು ಅಂತ ಇಟ್ಕೊಳ್ಳೋಣ. ಅಂದ್ರೆ ಒಂದು ಕೆಜಿ ಒಣ ಕಟ್ಟಿಗೆ ಜೊತೆ ಒಂದು ಕೆಜಿ ನೀರು. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಸುಮಾರು 18.5 ಮೆಗಾಜೂಲ್, ಅಂದ್ರೆ 5 ಯೂನಿಟ್ ಕರೆಂಟ್‌ನಷ್ಟು ಶಾಖ ಇರುತ್ತೆ. ಒಂದು ಕೆಜಿ ನೀರನ್ನ ಆವಿ ಮಾಡೋಕೆ ಬೇಕಾಗೋದು ಸುಮಾರು 2.5 ಮೆಗಾಜೂಲ್. ಅಲ್ಲಿಗೆ ನಷ್ಟ 13–14%. ನೀರಿನಂಶ 20%ಗೆ ಇಳಿದ ಸೌದೆಯಲ್ಲೂ 3% ಹೇಗೂ ಹೋಗುತ್ತೆ. ಅಂದ್ರೆ ಹಸಿಗೂ ಒಣಗಿದ್ದಕ್ಕೂ ಕಾಗದದ ಮೇಲೆ ವ್ಯತ್ಯಾಸ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು ಅಷ್ಟೇ. ಇಷ್ಟಕ್ಕೆ ಯಾಕಪ್ಪಾ ಜನ ಒಂದು ವರ್ಷ, ಎರಡು ವರ್ಷ ಒಣಗಿಸ್ತಾ ಕೂರ್ತಾರೆ, ಹತ್ತು ಪರ್ಸೆಂಟ್ ಸೌದೆ ಜಾಸ್ತಿ ಹಾಕಿದ್ರಾಯ್ತಲ್ಲ ಅನ್ಸುತ್ತೆ.

ಆದ್ರೆ ಹಸಿ ಸೌದೆ ಹಾಕಿ ನೋಡಿದವರಿಗೆ ಗೊತ್ತು, ಮನೆ ಬೆಚ್ಚಗಾಗಲ್ಲ. ಕೈಗೆ ಸಿಗೋ ಶಾಖ ಆ ಲೆಕ್ಕಕ್ಕಿಂತ ತುಂಬಾ ಕಡಿಮೆ. ಕಾರಣ ಮೇಲೆ ಹೇಳಿದ್ದೇ. ಸೌದೆ ಒಳಗಿನ ನೀರು ಪೂರ್ತಿ ಹೋಗೋವರೆಗೂ ಆ ಜಾಗ 100 ಡಿಗ್ರಿ ದಾಟಲ್ಲ, ಹೊರಗಿನ ಪದರ ಅನಿಲ ಬಿಡ್ತಿರುತ್ತೆ, ಒಳಗಿನ ಪದರ ಆವಿ ಬಿಟ್ಟು ಅದೇ ಅನಿಲವನ್ನ ತಣ್ಣಗೆ ಮಾಡ್ತಿರುತ್ತೆ. 600 ಡಿಗ್ರಿ ದೂರದ ಮಾತಾಯ್ತು. ನೀರು ತಾನು ಕುಡಿಯೋ ಶಾಖ ಸ್ವಲ್ಪವೇ, ಉರಿಯೋಕೆ ಬಿಡದೆ ಕೆಡಿಸೋದು ಅದರ ಎಷ್ಟೋ ಪಟ್ಟು. ಇದು ಅರ್ಥ ಆದ ಮೇಲೆ ನನಗೆ ಸೌದೆ ಒಣಗಿಸೋದರಲ್ಲಿ ಬೇಜಾರು ಹೋಯ್ತು.

ಒಣಗಿಸೋ ವಿಷಯಕ್ಕೆ ಜಾಸ್ತಿ ಹೇಳೋದೇನಿಲ್ಲ, ಸೌದೆ ಉರಿಸೋ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಶಾಸ್ತ್ರ ಇರುತ್ತೆ, ಪೇರಿಸೋದರ ಬಗ್ಗೆ ಜಗಳ ಆಡಿದ್ರೆ ಸ್ನೇಹಗಳೇ ಮುರಿದು ಬೀಳುತ್ತವೆ. ಎರಡು ಮಾತು ಮಾತ್ರ. ಮರದಲ್ಲಿ ನೀರು ನಾರಿನ ಉದ್ದಕ್ಕೆ ಓಡೋದು ಅಡ್ಡಕ್ಕಿಂತ ಹತ್ತು ಹದಿನೈದು ಪಟ್ಟು ಜೋರು, ಅದಕ್ಕೇ ಉದ್ದನೆ ದಿಮ್ಮಿ ವರ್ಷಗಟ್ಟಲೆ ಬಿದ್ದಿದ್ರೂ ಒಳಗೆ ಹಸಿಯಾಗೇ ಇರುತ್ತೆ, ಮೊದಲು ಗಿಡ್ಡಕ್ಕೆ ಕೊಯ್ಯಬೇಕು, ಆಮೇಲೆ ಸೀಳಬೇಕು. ಎರಡನೇದು, ಬಿಸಿಲಿಗಿಂತ ಗಾಳಿ ಮುಖ್ಯ. ಮೇಲೆ ಮಾತ್ರ ಮುಚ್ಚಿ, ಪಕ್ಕ ಬಿಡಿ. ಟಾರ್ಪಾಲಿನ್ ಸುತ್ತಿ ನೆಲದವರೆಗೂ ಕಟ್ಟಿಟ್ರೆ ಅದು ಒಳಗೊಳಗೇ ಬೆವರಿ ಬೂಸ್ಟು ಹಿಡಿಯುತ್ತೆ. (ತೇವ ನೋಡೋ ಪುಟ್ಟ ಮೀಟರ್ ಸಿಗುತ್ತಲ್ಲ, ಅದರ ಬಗ್ಗೆ ಒಂದು ಮಾತು. ಅದು ತೋರಿಸೋ ಪರ್ಸೆಂಟು ಸಾಮಾನ್ಯವಾಗಿ ಒಣ ಕಟ್ಟಿಗೆಯ ತೂಕದ ಮೇಲಿನ ಲೆಕ್ಕ. ಮೀಟರ್‌ನಲ್ಲಿ 25 ಅಂದ್ರೆ ಒಟ್ಟು ತೂಕದ ಲೆಕ್ಕದಲ್ಲಿ 20. ಇನ್ನೊಂದು, ಹೊರಮೈಗೆ ಚುಚ್ಚಿ ನೋಡಿದ್ರೆ ಯಾವ ಸೌದೆಯಾದ್ರೂ ಒಣಗಿದೆ ಅಂತಲೇ ಹೇಳುತ್ತೆ, ಒಂದು ತುಂಡು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಬೇಕು.)

ರಾತ್ರಿಯಿಡೀ ಒಂದೇ ದಿಮ್ಮಿ

ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದವರಿದ್ದಾರೆ. ನಾನು ಸೌದೆ ಕೆಲಸ ಕಲಿತಿದ್ದೇ ಅವರನ್ನ ನೋಡಿ. ಕೊಡಲಿ ಹಿಡಿಯೋ ಕ್ರಮ, ಗಂಟಿರೋ ತುಂಡನ್ನ ಮಧ್ಯಕ್ಕೆ ಹೊಡೆಯದೆ ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸೋದು, ಎಲ್ಲಾ ಅವರದ್ದೇ. ಅವರಿಗೆ ಒಂದು ಹೆಮ್ಮೆ ಇತ್ತು, ರಾತ್ರಿ ಮಲಗೋ ಮುಂಚೆ ಒಂದು ದಪ್ಪ ದಿಮ್ಮಿ ಒಳಗಿಟ್ಟು, ಗಾಳಿ ಪೂರ್ತಿ ಮುಚ್ಚಿದ್ರೆ ಬೆಳಗ್ಗೆವರೆಗೂ ಬೆಂಕಿ ಆರಲ್ಲ ಅಂತ. ಎಷ್ಟು ಕಡಿಮೆ ಸೌದೆಯಲ್ಲಿ ಚಳಿಗಾಲ ಕಳೀತೀನಿ ನೋಡು ಅಂತಿದ್ರು.

ಒಂದ್ಸಲ ಅವರ ಮನೆಗೆ ಚಿಮಣಿ ಕ್ಲೀನ್ ಮಾಡೋರು ಬಂದಿದ್ರು, ನಾನು ಏಣಿ ಹಿಡ್ಕೊಳ್ಳೋಕೆ ಹೋಗಿದ್ದೆ. ಸಾಮಾನ್ಯವಾಗಿ ಬ್ರಷ್ ಇಳಿಸಿದ್ರೆ ಕಂದು ಬಣ್ಣದ ಪುಡಿ ಮಸಿ ಉದುರುತ್ತೆ, ಕೈಯಲ್ಲಿ ಹಿಡಿದ್ರೆ ಹಗುರ, ಊದಿದ್ರೆ ಹಾರುತ್ತೆ. ಅಲ್ಲಿ ಬ್ರಷ್ ಅರ್ಧದಲ್ಲೇ ಸಿಕ್ಕಿಕೊಂಡಿತು. ಆಮೇಲೆ ಒಂದು ಕಬ್ಬಿಣದ ಸಲಕರಣೆ ಹಾಕಿ ಕೆರೆದಾಗ ಟಣ್ ಟಣ್ ಅಂತ ತುಂಡುಗಳು ಕೆಳಗೆ ಬಿದ್ದವು. ಒಂದನ್ನ ಎತ್ತಿ ನನ್ನ ಕೈಗೆ ಕೊಟ್ರು. ಒಂದು ಕಡೆ ಇಟ್ಟಿಗೆಯ ಗುರುತು ಅಚ್ಚೊತ್ತಿತ್ತು, ಇನ್ನೊಂದು ಕಡೆ ಫಳಫಳ ಹೊಳೆಯೋ ಕಪ್ಪು, ರಸ್ತೆಗೆ ಸುರಿದ ಟಾರು ಹೆಪ್ಪುಗಟ್ಟಿದ ಹಾಗೆ. ಮುರಿದಾಗ ಅಂಚು ಗಾಜಿನಷ್ಟು ಚೂಪು. ಅದರ ಹೆಸರು ಕ್ರಿಯೋಸೋಟ್ ಅಂತ ಕೇಳಿದ್ದೆ, ಕೈಯಲ್ಲಿ ಹಿಡಿದಿದ್ದು ಅವತ್ತೇ. ಚಿಮಣಿ ಒಳಗಿನ ಹೊಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದ್ರೆ ಉರಿಯದ ಅನಿಲ ಗೋಡೆಗೆ ಅಂಟಿ ಹೀಗೆ ಪದರ ಪದರವಾಗಿ ಕೂರುತ್ತೆ. ಕೂತಿದ್ದು ಸುಮ್ನಿರಲ್ಲ, ಅದೂ ಸೌದೆಯೇ ತಾನೇ, ಯಾವತ್ತೋ ಒಂದಿನ ಜೋರು ಬೆಂಕಿ ಹಾಕಿದಾಗ ಅದಕ್ಕೂ ಹತ್ತುತ್ತೆ. ಚಿಮಣಿ ಒಳಗೆ ಬೆಂಕಿ ಬಿದ್ರೆ ರೈಲು ಹೋದಷ್ಟು ಸದ್ದು ಬರುತ್ತೆ ಅಂತ ಬಂದವರು ಹೇಳಿದ್ರು, ಶಾಖ 1000 ಡಿಗ್ರಿ ದಾಟುತ್ತೆ, ಇಟ್ಟಿಗೆ ಬಿರುಕು ಬಿಟ್ರೆ ಮಾಡಿನ ಮರಕ್ಕೆ ಹತ್ತೋಕೆ ಹೊತ್ತು ಹಿಡಿಯಲ್ಲ.

ಯಜಮಾನರು ಏನೂ ಮಾತಾಡಲಿಲ್ಲ. ಒಂದು ಬಕೆಟ್ ತುಂಬಾ ಆ ಕರಿ ಗಾಜು ಇತ್ತು. ಅವರು ಉಳಿಸಿದೀನಿ ಅಂದ್ಕೊಂಡಿದ್ದ ಸೌದೆಯ ಒಂದಷ್ಟು ಪಾಲು ಅದು, ಮಿಕ್ಕಿದ್ದು ಬೀದಿಯವರ ಮೂಗಿಗೆ ಹೋಗಿತ್ತು.

ಇಲ್ಲಿ ನನ್ನ ವಾದ ಇಷ್ಟೇ. ನಿಧಾನಕ್ಕೆ ಉರಿಸೋದು ಉಳಿತಾಯದ ಹಾಗೆ ಕಾಣುತ್ತೆ, ಲೆಕ್ಕದಲ್ಲಿ ಅದು ದುಂದು. ಸೌದೆ ಅಂತ ಹಾಕಿದ ಮೇಲೆ ಗಾಳಿ ಕೊಟ್ಟು, ಒಣಗಿದ್ದನ್ನೇ ಹಾಕಿ, ಜೋರಾಗಿ ಉರಿಸಿ ಮುಗಿಸಬೇಕು. ಉರಿ ಹಳದಿಯಾಗಿ ಚುರುಕಾಗಿರಬೇಕು, ಗಾಜು ಕಪ್ಪಾಗಬಾರದು. ಗಾಜು ಕಪ್ಪಾದ್ರೆ ಚಿಮಣಿ ಒಳಗೂ ಅದೇ ನಡೀತಿದೆ ಅಂತಲೇ ತಿಳ್ಕೊಳ್ಳಿ.

ನಿದ್ದೆ ಯಾರಿಗೆ ಬೇಡ

ಇಷ್ಟೆಲ್ಲಾ ಗಟ್ಟಿಯಾಗಿ ಹೇಳೋನಿಗೆ ಒಂದು ರಾತ್ರಿ ನೆನಪಾದ್ರೆ ಸ್ವಲ್ಪ ದನಿ ತಗ್ಗುತ್ತೆ. ಜೋರು ಹಿಮಗಾಳಿಗೆ ಕರೆಂಟ್ ಕಂಬಗಳು ಬಿದ್ದು, ಇಡೀ ಬೀದಿ ಕತ್ತಲಾಗಿತ್ತು. ಎದುರು ಮನೆಯವರದ್ದು ಪೆಲೆಟ್ ಸ್ಟೋವ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ ಉರಿಸೋವಂಥದ್ದು), ಪೆಲೆಟ್ ತಳ್ಳೋಕೂ ಫ್ಯಾನ್ ತಿರುಗೋಕೂ ಅದಕ್ಕೆ ಕರೆಂಟೇ ಬೇಕು, ಮೂಟೆಗಟ್ಟಲೆ ಪೆಲೆಟ್ ಇಟ್ಕೊಂಡು ಚಳಿಯಲ್ಲಿ ಕೂತಿದ್ರು. ಕಂಬಳಿ, ದಿಂಬು, ಮಕ್ಕಳು, ಒಂದು ಬೆಕ್ಕು ಸಮೇತ ನಮ್ಮನೆಗೆ ಬಂದ್ರು. ಎಲ್ಲರೂ ಒಲೆ ಇರೋ ಕೋಣೆಯಲ್ಲೇ ನೆಲದ ಮೇಲೆ ಸಾಲಾಗಿ ಮಲಗಿದ್ವಿ. ಮಕ್ಕಳ ಒದ್ದೆ ಸಾಕ್ಸ್ ಕುರ್ಚಿ ಬೆನ್ನಿಗೆ ನೇತಾಡ್ತಿತ್ತು, ಅದರಿಂದ ಹಬೆ ಏಳ್ತಿತ್ತು. ಒಲೆ ಮುಂದಿದ್ದವರಿಗೆ ಬೆವರು, ಬಾಗಿಲ ಹತ್ತಿರ ಮಲಗಿದವರಿಗೆ ನಡುಕ, ಬಚ್ಚಲಿಗೆ ಹೋಗೋದು ಅಂದ್ರೆ ಪ್ರತಿಯೊಬ್ಬರೂ ಒಂದೊಂದು ನಿಟ್ಟುಸಿರು ಬಿಟ್ಟೇ ಏಳೋದು.

ನಾನು ನನ್ನ ಶಾಸ್ತ್ರದ ಪ್ರಕಾರ ಸಣ್ಣಗೆ ಸೀಳಿದ ಒಣ ಸೌದೆ ಹಾಕಿ ಜೋರಾಗಿ ಉರಿಸ್ದೆ. ಚೆನ್ನಾಗಿ ಉರೀತು, ಬೇಗ ಮುಗೀತು. ಕಬ್ಬಿಣದ ಸ್ಟೋವ್ ಅದು, ಬೇಗ ಕಾಯುತ್ತೆ ಬೇಗ ಆರುತ್ತೆ, ಉರಿ ಇಳಿದ ಸ್ವಲ್ಪ ಹೊತ್ತಿಗೇ ಟಿಕ್ ಟಿಕ್ ಅಂತ ಲೋಹ ಕುಗ್ಗೋ ಸದ್ದು ಶುರುವಾಯ್ತು. ಮತ್ತೆ ಎದ್ದು ಹಾಕಬೇಕು. ಯಾರು ಏಳೋದು ಅನ್ನೋದೇ ಆ ರಾತ್ರಿಯ ದೊಡ್ಡ ರಾಜಕೀಯ. ಎಲ್ಲರಿಗೂ ಎಚ್ಚರ ಇತ್ತು, ಎಲ್ಲರೂ ನಿದ್ದೆ ಬಂದವರ ಹಾಗೆ ಬಿದ್ಕೊಂಡಿದ್ರು, ಬೆಕ್ಕು ಒಂದೇ ಪ್ರಾಮಾಣಿಕವಾಗಿ ಒಲೆ ಕಡೆಗೆ ಸರೀತಿತ್ತು. ಬೆಳಗಿನ ಜಾವ ಎದ್ದು ಸೌದೆ ಹಾಕ್ತಾ ಪಕ್ಕದ ಮನೆ ಯಜಮಾನರು ನೆನಪಾದ್ರು. ದಪ್ಪ ದಿಮ್ಮಿ ಇಟ್ಟು ಗಾಳಿ ಮುಚ್ಚೋದರ ಹಿಂದೆ ಜಿಪುಣತನ ಎಷ್ಟಿತ್ತೋ, ಚಳಿಯಲ್ಲಿ ನಡುರಾತ್ರಿ ಎದ್ದೇಳೋಕೆ ಆಗದ ಮೊಣಕಾಲೂ ಅಷ್ಟೇ ಇತ್ತು ಅಂತ ಹೊಳೆದಿದ್ದು ಆಗ.

ಹಾಗಾಗಿ ಪ್ರಶ್ನೆ ಇರೋದು ಬೆಂಕಿಯನ್ನ ಎಷ್ಟು ಹೊತ್ತು ಎಳೀಬೇಕು ಅನ್ನೋದರಲ್ಲಿ ಇಲ್ಲವೇ ಇಲ್ಲ, ಶಾಖವನ್ನ ಎಲ್ಲಿ ಕೂಡಿಡಬೇಕು ಅನ್ನೋದರಲ್ಲಿ. ಇದನ್ನ ಹಿಂದಿನವರು ಯಾವತ್ತೋ ಬಿಡಿಸಿದಾರೆ. ಸ್ವೀಡನ್‌ನಲ್ಲಿ ಸೌದೆಗೆ ತತ್ವಾರ ಬಂದ ಕಾಲದಲ್ಲಿ, 1767ರಲ್ಲಿ, ಕಾರ್ಲ್ ಯೋಹಾನ್ ಕ್ರೂನ್‌ಸ್ಟೆಡ್ಟ್ ಮತ್ತೆ ಫಾಬಿಯಾನ್ ವ್ರೇಡೆ ಅನ್ನೋ ಇಬ್ಬರು ಹೊಸ ಥರದ ಟೈಲ್ ಒಲೆ (ಇಟ್ಟಿಗೆಯದು, ಹೊರಮೈಗೆ ಟೈಲ್ ಹೊದಿಸಿದ್ದು) ಮಾಡಿದ್ರು. ಬೆಂಕಿ ಜಾಗ ಚಿಕ್ಕದು, ಉರಿಸೋದು ಸ್ವಲ್ಪ ಹೊತ್ತು, ಜೋರಾಗಿ. ಆದ್ರೆ ಬಿಸಿ ಅನಿಲ ನೇರ ಚಿಮಣಿಗೆ ಓಡದೆ ಇಟ್ಟಿಗೆಯ ದಾರಿಗಳಲ್ಲಿ ಮೇಲೆ ಕೆಳಗೆ ಸುತ್ತಿ ಸುತ್ತಿ ಹೋಗುತ್ತೆ, ಅಷ್ಟರಲ್ಲಿ ಶಾಖವೆಲ್ಲ ಇಟ್ಟಿಗೆಗೆ ಇಳಿದಿರುತ್ತೆ. ಉರಿ ಆರಿದ ಮೇಲೂ ಅರ್ಧ ದಿನ, ಒಂದು ದಿನ ಆ ಗೋಡೆ ಮೆಲ್ಲಗೆ ಶಾಖ ಬಿಡ್ತಾ ಇರುತ್ತೆ. ಉರಿಯೋದು ವೇಗವಾಗಿ, ಬೆಚ್ಚಗಾಗೋದು ನಿಧಾನಕ್ಕೆ. ಪಕ್ಕದ ಮನೆ ಯಜಮಾನರು ಎರಡನ್ನೂ ಬೆಂಕಿಯ ತಲೆಗೇ ಕಟ್ಟಿದ್ರು.

ಅದೇ ಶತಮಾನದ ಕೊನೆಗೆ, 1790ರ ದಶಕದಲ್ಲಿ, ಶಾಖದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಇಂಗ್ಲೆಂಡಿನ ತೆರೆದ ಅಗ್ಗಿಷ್ಟಿಕೆಗಳನ್ನ ತಿದ್ದೋಕೆ ಹೊರಟ. ಅವು ಆಳವಾಗಿ, ಅಗಲವಾಗಿ, ಬಾಯಿ ಬಿಟ್ಕೊಂಡು ಕೋಣೆಯ ಬಿಸಿ ಗಾಳಿಯನ್ನೇ ಎಳೆದು ಹೊರಗೆ ಹಾಕ್ತಿದ್ವು. ರಮ್‌ಫೋರ್ಡ್ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನ ಓರೆ ಮಾಡಿ ಶಾಖ ಕೋಣೆ ಕಡೆಗೆ ತಿರುಗೋ ಹಾಗೆ ಮಾಡಿ, ಚಿಮಣಿಯ ಗಂಟಲು ಕಿರಿದು ಮಾಡಿದ. ಅಷ್ಟಾದ್ರೂ ತೆರೆದ ಬೆಂಕಿ ತೆರೆದ ಬೆಂಕಿಯೇ, ನೋಡೋಕೆ ಚೆಂದ, ಮನೆ ಬೆಚ್ಚಗಿಡೋಕೆ ಅಲ್ಲ. ಸೌದೆಯ ಶಾಖದಲ್ಲಿ ದೊಡ್ಡ ಪಾಲು ಆಕಾಶಕ್ಕೇ ಹೋಗುತ್ತೆ. ಬಾಗಿಲು ಮುಚ್ಚೋ ಒಳ್ಳೆ ಸ್ಟೋವ್ ಆದ್ರೆ 70–80% ಮನೆ ಒಳಗೆ ಉಳಿಯುತ್ತೆ.

ಎಲ್ಲರೂ ಟನ್‌ಗಟ್ಟಲೆ ಇಟ್ಟಿಗೆ ಒಲೆ ಕಟ್ಟಿಸೋಕಾಗಲ್ಲ, ಹಳೆ ಮನೆಯ ನೆಲ ಆ ಭಾರ ತಡೆಯೋದೂ ಇಲ್ಲ. ಅಂಥಾ ಮನೆಗೆ ಅಟ್ಟದ ಮೇಲೆ ದಪ್ಪಗೆ ಇನ್ಸುಲೇಶನ್ (ಶಾಖ ಹೊರಗೆ ಹೋಗದ ಹಾಗೆ ತಡೆಯೋ ಪದರ) ಹಾಕೋದು, ಕಿಟಕಿ ಸಂದು ಮುಚ್ಚೋದು, ಇದೇ ಎಲ್ಲಕ್ಕಿಂತ ಅಗ್ಗದ ಸೌದೆ. ಸೀಳೋದು ಬೇಡ, ಪೇರಿಸೋದು ಬೇಡ, ರಾತ್ರಿ ಏಳೋದೂ ಬೇಡ. ಒಂದೇ ಎಚ್ಚರ, ಮನೆ ತುಂಬಾ ಬಿಗಿಯಾದ ಮೇಲೆ ಒಲೆಗೆ ಉಸಿರಾಡೋಕೆ ಹೊರಗಿನಿಂದ ಗಾಳಿ ಬರೋ ದಾರಿ ಇರಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಸಾಕು, ಹೊಗೆ ಚಿಮಣಿಯಿಂದ ವಾಪಸ್ ಕೋಣೆಗೆ ಇಳಿಯಬಹುದು, ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಲೆ ಇರೋ ಮನೆಯಲ್ಲಿ ಅದರ ಅಲಾರಂ ಇಲ್ಲದೆ ಮಲಗಬೇಡಿ, ಇದರಲ್ಲಿ ವಾದಕ್ಕೆ ಜಾಗ ಇಲ್ಲ.

ಗಾಳಿ ನಿಂತ ರಾತ್ರಿಗಳು

ಇನ್ನೊಂದು ವಿಷಯ ಉಳೀತು, ಅದೇ ನನಗೆ ಜಾಸ್ತಿ ಕಾಡೋದು. ನೀವು ಎಷ್ಟೇ ಒಣ ಸೌದೆ ಹಾಕಿ, ಎಷ್ಟೇ ಒಳ್ಳೆ ಸ್ಟೋವ್ ತನ್ನಿ, ಹೊತ್ತಿಸೋ ಮೊದಲ ಸ್ವಲ್ಪ ಹೊತ್ತು ಹೊಗೆ ಬಂದೇ ಬರುತ್ತೆ, ಒಲೆ ತಣ್ಣಗಿರುತ್ತಲ್ಲ. ದಪ್ಪ ಸೌದೆ ಕೆಳಗಿಟ್ಟು, ಮೇಲೆ ಸಣ್ಣ ಪುರಳೆ ಇಟ್ಟು, ತುದಿಯಿಂದ ಹೊತ್ತಿಸಿದ್ರೆ ಅನಿಲ ಉರಿಯ ಮೂಲಕವೇ ಮೇಲೆ ಹೋಗಬೇಕಾಗಿ ಹೊಗೆ ಕಡಿಮೆ ಆಗುತ್ತೆ, ಆದ್ರೆ ಪೂರ್ತಿ ಹೋಗಲ್ಲ. ಆ ಹೊಗೆಯಲ್ಲಿರೋ ಸಣ್ಣ ಕಣಗಳು, ಪಿಎಂ 2.5 ಅಂತಾರಲ್ಲ, ಶ್ವಾಸಕೋಶದ ಆಳಕ್ಕೆ ಇಳಿಯೋವಂಥವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಡೀ ದಿನದ ಸರಾಸರಿ ಮಿತಿಯನ್ನ ಘನ ಮೀಟರ್‌ಗೆ 25ರಿಂದ 15 ಮೈಕ್ರೋಗ್ರಾಂಗೆ ಇಳಿಸಿತು. ಇಂಗ್ಲೆಂಡ್‌ನಲ್ಲಿ 2021ರ ಮೇ ತಿಂಗಳಿಂದ ಸಣ್ಣ ಪ್ರಮಾಣದಲ್ಲಿ ಮಾರೋ ಸೌದೆಯ ನೀರಿನಂಶ 20% ಮೀರಬಾರದು ಅಂತ ಕಾನೂನೇ ಬಂತು. ಮರ ಮತ್ತೆ ಬೆಳೆಯುತ್ತೆ, ಅದಕ್ಕೇ ಇದು ಶುದ್ಧ ಇಂಧನ ಅನ್ನೋ ವಾದ ನನಗೂ ಗೊತ್ತು. ಕಾರ್ಬನ್ ಲೆಕ್ಕದಲ್ಲಿ ಅದರಲ್ಲಿ ಸ್ವಲ್ಪ ಸತ್ಯ ಇದೆ, ಉರಿಯೋದು ಒಂದು ಸಂಜೆ, ಬೆಳೆಯೋದು ದಶಕಗಳು ಅನ್ನೋದನ್ನ ಮರೀದಿದ್ರೆ. ಪಕ್ಕದ ಮನೆ ಮಗುವಿನ ಆಸ್ತಮಾಗೆ ಆ ಲೆಕ್ಕದಿಂದ ಏನೂ ಆಗಬೇಕಾಗಿಲ್ಲ.

ಕೆಟ್ಟ ಕಾಕತಾಳೀಯ ಅಂದ್ರೆ, ಚಳಿ ತೀರಾ ಜೋರಿರೋ ರಾತ್ರಿಗಳಲ್ಲೇ ಹೆಚ್ಚಾಗಿ ಗಾಳಿ ನಿಂತಿರುತ್ತೆ. ಆಕಾಶ ಶುಭ್ರ, ನೆಲ ಬೇಗ ತಣ್ಣಗಾಗುತ್ತೆ, ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಅದರ ಮೇಲೆ ಮುಚ್ಚಳದ ಥರ ಕೂರುತ್ತೆ. ಎಲ್ಲರ ಮನೆ ಹೊಗೆಯೂ ಆ ಮುಚ್ಚಳದ ಕೆಳಗೇ ಸುತ್ತುತ್ತಿರುತ್ತೆ. ಬೆಂಕಿ ತುಂಬಾ ಬೇಕು ಅನ್ನಿಸೋ ರಾತ್ರಿನೇ ಬೆಂಕಿ ಹಾಕಬಾರದ ರಾತ್ರಿ. ನಾನು ಈಗ ಅಂಥಾ ರಾತ್ರಿ ಕರೆಂಟ್ ಇದ್ರೆ ಒಲೆ ಮುಟ್ಟಲ್ಲ, ಹೀಟ್ ಪಂಪ್ (ಕರೆಂಟಿನಿಂದ ಓಡಿ ಹೊರಗಿನ ಶಾಖವನ್ನ ಮನೆ ಒಳಗೆ ಎಳೆಯೋ ಯಂತ್ರ) ಹಾಕ್ತೀನಿ, ಸಾಲದಿದ್ರೆ ಸ್ವೆಟರ್ ಮೇಲೆ ಸ್ವೆಟರ್. ಗಾಳಿ ಆಡೋ ದಿನ, ಕರೆಂಟ್ ಹೋದ ದಿನ, ಆಗ ಮಾತ್ರ ಸೌದೆ.

ಇದನ್ನ ಯಜಮಾನರಿಗೆ ಹೇಳಿದಾಗ ಅವರು ಕೊಡಲಿ ಕೆಳಗಿಟ್ಟು ನನ್ನನ್ನೇ ನೋಡಿದ್ರು. ಜೋರು ಚಳಿಗೆ ಉರಿಸದಿದ್ರೆ ಇಷ್ಟೊಂದು ಸೌದೆ ಯಾಕಯ್ಯಾ ಒಟ್ಟಿದೀಯ ಅಂದ್ರು. ಚಿಮಣಿ ಕೆರೆಸಿದ ಮೇಲೆ ಅವರೂ ಗಾಳಿ ಪೂರ್ತಿ ಮುಚ್ಚೋದು ಬಿಟ್ಟಿದಾರೆ, ಸೌದೆ ಎರಡು ವರ್ಷ ಒಣಗಿಸ್ತಾರೆ, ದಿಮ್ಮಿ ಬದಲು ಸೀಳು ಹಾಕ್ತಾರೆ, ಅಲ್ಲಿವರೆಗೂ ನನ್ನ ಮಾತು ಒಪ್ತಾರೆ. ಈ ಕೊನೇದನ್ನ ಮಾತ್ರ ಒಪ್ಪಿಲ್ಲ. ಅವರ ಮನೆಯಲ್ಲಿ ಹೀಟ್ ಪಂಪ್ ಇಲ್ಲ, ಹಾಕಿಸೋ ಮನಸ್ಸೂ ಇಲ್ಲ, ಹಾಗಾಗಿ ಗಾಳಿ ನಿಂತ ರಾತ್ರಿ ನನ್ನ ಉಪದೇಶ ಅವರಿಗೆ ಏನು ಕೊಡುತ್ತೆ ಅನ್ನೋದಕ್ಕೆ ನನ್ನ ಹತ್ರನೂ ಸರಿಯಾದ ಉತ್ತರ ಇಲ್ಲ. ಸದ್ಯಕ್ಕೆ ಅವರ ಅಟ್ಟಕ್ಕೆ ಇನ್ಸುಲೇಶನ್ ಹಾಕೋ ಮಾತುಕತೆ ನಡೀತಿದೆ, ಏಣಿ ಹಿಡ್ಕೊಳ್ಳೋನು ಮತ್ತೆ ನಾನೇ.